ಮೇಪಲ್ ಮರದ ರಸವೂ ಮಧುಮೇಹಿಯ ನಾಲಿಗೆಯೂ

ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿರುವ ಮಕ್ಕಳು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿಟ್ಟು ತರುವ ವಸ್ತುಗಳ ಪೈಕಿ ಮೇಪಲ್ ಪಾಕದ ಸೀಸೆಯೂ ಈಗೀಗ ಸೇರಿಕೊಂಡಿದೆ. ಜೋನಿಬೆಲ್ಲಕ್ಕಿಂತ ತೆಳುವಾದ, ಜೇನಿನಷ್ಟೇ ಹೊಳಪುಳ್ಳ ಕಂದುಬಣ್ಣದ ಈ ದ್ರವದೊಡನೆ ಒಂದು ಮಾತೂ ಬರುತ್ತದೆ: "ಇದು ಮರದ ರಸ, ಸಕ್ಕರೆಯಲ್ಲ; ಸಕ್ಕರೆ ಕಾಯಿಲೆಯವರಿಗೂ ಬಾಧಕವಿಲ್ಲ." ಹನ್ನೆರಡು ವರ್ಷಗಳಿಂದ ಮಧುಮೇಹದೊಡನೆ ಬಾಳುತ್ತಿರುವ ನಾವು ಆ ಮಾತನ್ನು ನಂಬಲು ಬಹಳ ಉತ್ಸುಕರಾಗಿದ್ದೆವು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಕಳೆದ ಮಾರ್ಚ್ ತಿಂಗಳಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿರುವ ಮಗಳ ಮನೆಯಂಗಳದಲ್ಲಿ ಈ ಪಾಕವನ್ನು ಕೈಯಾರೆ ಕಾಯಿಸುವ ಅವಕಾಶ ಒದಗಿತು. ಕಾಯಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ; ಮರದ ಮೇಲಣ ಗೌರವ ಮಾತ್ರ ಇಮ್ಮಡಿಯಾಯಿತು.

ಕೆನಡಾ ದೇಶದ ಧ್ವಜದಲ್ಲಿ ಕಾಣುವ ಎಲೆ ಮೇಪಲ್ ಮರದ್ದು. ಇದರಲ್ಲಿ ಹಲವು ಜಾತಿಗಳಿವೆ. ಕೆಂಪು ಮೇಪಲ್, ಬೆಳ್ಳಿ ಮೇಪಲ್ ಮರಗಳಿಂದಲೂ ರಸ ತೆಗೆಯಬಹುದಾದರೂ ಸಕ್ಕರೆ ಮೇಪಲ್ ಎಂಬ ಜಾತಿಯೇ ಶ್ರೇಷ್ಠವೆನಿಸಿದೆ. ಜಗತ್ತಿನ ಒಟ್ಟು ಮೇಪಲ್ ಪಾಕದಲ್ಲಿ ಶೇಕಡಾ 70ರಷ್ಟು ಕೆನಡಾದ ಕ್ವಿಬೆಕ್ ಪ್ರಾಂತದಿಂದಲೇ ಬರುತ್ತದೆ. ಅಮೆರಿಕದ ರಾಜ್ಯಗಳಲ್ಲಿ ವರ್ಮಾಂಟ್ ಮೊದಲನೆಯದು.

ನಮ್ಮ ನಾಡಿನಲ್ಲಿ ಈಚಲು, ಬಗನಿ, ತೆಂಗಿನ ಮರಗಳಿಂದ ರಸ ಇಳಿಸುವುದನ್ನು ಕಂಡವರಿಗೆ ಮೇಪಲ್ ಮರದ ವರ್ತನೆ ವಿಚಿತ್ರವೆನಿಸದಿರದು. ಇಲ್ಲಿ ರಸ ಹರಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರಬೇಕು, ಹಗಲು ಮಂಜು ಕರಗುವಷ್ಟು ಬಿಸಿಲಿರಬೇಕು. ಬೇಸಿಗೆಯಲ್ಲಿ ಎಲೆಗಳು ತಯಾರಿಸಿದ ಆಹಾರವನ್ನು ಮರ ಪಿಷ್ಟದ ರೂಪದಲ್ಲಿ ಕಾಂಡದೊಳಗೆ ಕೂಡಿಟ್ಟಿರುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಆ ಪಿಷ್ಟ ಸಕ್ಕರೆಯಾಗಿ ಮಾರ್ಪಟ್ಟು ರಸದಲ್ಲಿ ಬೆರೆಯುತ್ತದೆ. ಕಾಂಡದ ನಾರಿನ ಕೋಶಗಳೊಳಗೆ ನೀರಿಗೆ ಬದಲಾಗಿ ಗಾಳಿ ತುಂಬಿರುವುದು ಮೇಪಲ್ ಮರದ ವಿಶೇಷ. ರಾತ್ರಿ ಚಳಿ ಏರಿದಾಗ ಆ ಕೋಶಗಳ ಒಳಗೋಡೆಯ ಮೇಲೆ ಮಂಜುಗಡ್ಡೆ ಬೆಳೆಯುತ್ತಾ ಬೇರಿನಿಂದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಒಳಗಿನ ಗಾಳಿ ಅದುಮಲ್ಪಡುತ್ತದೆ. ಹಗಲು ಮಂಜು ಕರಗಿದಾಗ ಅದುಮಿದ ಗಾಳಿ ಹಿಗ್ಗಿ ರಸವನ್ನು ಹೊರಕ್ಕೆ ತಳ್ಳುತ್ತದೆ. ಕಾಂಡದಲ್ಲಿ ತೂತಿದ್ದರೆ ರಸ ತೊಟ್ಟಿಕ್ಕುತ್ತದೆ. ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಆರಂಭದವರೆಗೆ, ನಾಲ್ಕಾರು ವಾರಗಳ ಕಾಲ ಮಾತ್ರ ಈ ಯೋಗ. ಮೊಗ್ಗು ಉಬ್ಬಿದೊಡನೆ ರಸದ ರುಚಿ ಕೆಡುತ್ತದೆ. ಆಗ ಕೆಲಸ ನಿಲ್ಲಿಸಲೇಬೇಕು.

ಈ ವಿದ್ಯೆ ಯೂರೋಪಿನಿಂದ ಬಂದವರದಲ್ಲ. ಅಬೆನಾಕಿ, ಅನಿಶಿನಾಬೆ ಮೊದಲಾದ ಮೂಲನಿವಾಸಿ ಜನಾಂಗಗಳು ಬಹು ಹಿಂದಿನಿಂದ ಭೂರ್ಜ ಮರದ ತೊಗಟೆಯ ಪಾತ್ರೆಗಳಲ್ಲಿ ರಸ ಹಿಡಿದು ಕಾಯಿಸುತ್ತಿದ್ದರು. ಪಾಕಕ್ಕಿಂತ ಒಣ ಸಕ್ಕರೆಯನ್ನೇ ಅವರು ಹೆಚ್ಚಾಗಿ ಮಾಡಿಡುತ್ತಿದ್ದರು. ವರ್ಷವಿಡೀ ಕೆಡದೆ ಉಳಿಯುವುದು ಅದೇ ತಾನೆ! ಮುಂದೆ 1791ರಲ್ಲಿ ಬೆಂಜಮಿನ್ ರಶ್ ಎಂಬ ವೈದ್ಯರು ಥಾಮಸ್ ಜೆಫರ್ಸನ್ ಅವರಿಗೆ ದೀರ್ಘ ಪತ್ರ ಬರೆದು, ಗುಲಾಮರ ಬೆವರಿನಿಂದ ಬರುವ ಕಬ್ಬಿನ ಸಕ್ಕರೆಗೆ ಬದಲಾಗಿ ಮೇಪಲ್ ಸಕ್ಕರೆ ಬಳಸಬೇಕೆಂದು ವಾದಿಸಿದರು. ಜೆಫರ್ಸನ್ ಅವರು ತಮ್ಮ ಮಾಂಟಿಚೆಲ್ಲೊ ತೋಟದಲ್ಲಿ ಮೇಪಲ್ ಸಸಿಗಳನ್ನು ನೆಡಿಸಿದ್ದೂ ಉಂಟು. ತೋಟ ಕೈಗೂಡಲಿಲ್ಲ. ನೆಡಿಸಿದವರೇ ನೂರಾರು ಗುಲಾಮರ ಒಡೆಯರಾಗಿದ್ದರೆಂಬುದು ನೆನಪಾದಾಗ ನಮಗೆ ಆ ಪ್ರಯೋಗದ ಬಗ್ಗೆ ಏನು ಹೇಳಬೇಕೋ ತಿಳಿಯದು.

ಇನ್ನು ಮನೆಯಲ್ಲಿ ಮಾಡುವ ವಿಧಾನ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಕನಿಷ್ಠ 25ರಿಂದ 30 ಸೆಂಟಿಮೀಟರ್ ಇಲ್ಲದ ಮರವನ್ನು ಮುಟ್ಟಬಾರದು. ಚಳಿಗಾಲದಲ್ಲಿ ಎಲ್ಲ ಮರಗಳೂ ಬೋಳಾಗಿರುವುದರಿಂದ ಎಲೆಯಿರುವಾಗಲೇ ಗುರುತು ಕಟ್ಟಿಡಬೇಕು. ನಮ್ಮ ಅಳಿಯ ಅಕ್ಟೋಬರಿನಲ್ಲಿಯೇ ಮೂರು ಮರಗಳಿಗೆ ಕೆಂಪು ದಾರ ಕಟ್ಟಿದ್ದ. ಸುಮಾರು 8 ಮಿಲಿಮೀಟರ್ ಅಗಲದ ಬೈರಿಗೆಯಿಂದ, 4ರಿಂದ 5 ಸೆಂಟಿಮೀಟರ್ ಆಳಕ್ಕೆ, ರಸ ಹೊರಕ್ಕೆ ಇಳಿಯುವಂತೆ ಕೊಂಚ ಓರೆಯಾಗಿ ತೂತು ಕೊರೆಯಬೇಕು. ಒಳಗಿನಿಂದ ಬರುವ ಹೊಟ್ಟು ಬಿಳುಪಾಗಿದ್ದರೆ ಮರ ಆರೋಗ್ಯವಾಗಿದೆಯೆಂದು ಅರ್ಥ. ಕಂದಾಗಿದ್ದರೆ ಅದು ಹಳೆಯ ಗಾಯದ ಜಾಗ. ತೂತಿಗೆ ಚಿಕ್ಕ ಕೊಳವೆಯನ್ನು ಮೆಲ್ಲನೆ ಬಡಿದು ಕೂರಿಸಿ, ಮುಚ್ಚಳವಿರುವ ಬಕೆಟ್ ತೂಗುಹಾಕಿದರೆ ಮುಗಿಯಿತು. ಮರಕ್ಕೆ ನೋವಾಗದೇ ಎಂದು ನಾವು ಕೇಳಿದೆವು. ಆಗುತ್ತದೆ. ತೂತಿನ ಮೇಲೆ ಕೆಳಗೆ ಉದ್ದಕ್ಕೆ ಒಂದು ಪಟ್ಟಿಯಷ್ಟು ಕಟ್ಟಿಗೆ ಸತ್ತು, ಮತ್ತೆಂದೂ ರಸ ಹರಿಸುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಹೊಸ ಕಟ್ಟಿಗೆ ಬೆಳೆಸಿಕೊಳ್ಳುತ್ತದೆ. ಆದಕಾರಣ ಪ್ರತಿವರ್ಷ ಹಳೆಯ ತೂತಿನಿಂದ ದೂರ ಸರಿದು ಕೊರೆಯಬೇಕು, ಸಣ್ಣ ಮರಕ್ಕೆ ಒಂದೇ ತೂತು, ಋತು ಮುಗಿದೊಡನೆ ಕೊಳವೆ ತೆಗೆದು ತೂತನ್ನು ಹಾಗೆಯೇ ಬಿಡಬೇಕು. ಮಿತಿಯರಿತು ತೆಗೆದರೆ ಒಂದೇ ಮರ ತಲೆಮಾರುಗಟ್ಟಲೆ ರಸ ಕೊಡುತ್ತದೆ.

ಆರೋಗ್ಯದ ದೃಷ್ಟಿಯಿಂದ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ ತಗಡಿನ ಬಕೆಟ್ಟುಗಳ ಬೆಸುಗೆಯಲ್ಲಿ ಸೀಸವಿರುವುದುಂಟು. ರಸ ಅದನ್ನು ಕರಗಿಸಿಕೊಳ್ಳುತ್ತದೆ. ನಲವತ್ತು ಪಾಲು ಬತ್ತಿಸಿ ಒಂದು ಪಾಲು ಮಾಡುವಾಗ ಸೀಸವೂ ಅಷ್ಟೇ ಸಾಂದ್ರವಾಗುತ್ತದೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಪಡಿಸಲಾರದ್ದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಪಾತ್ರೆಗಳೇ ಸರಿ.

ಮರದಿಂದ ಬಂದ ರಸ ನೋಡಲು ನೀರು, ಕುಡಿಯಲು ಎಳನೀರಿಗಿಂತಲೂ ಸಪ್ಪೆ. ಸಕ್ಕರೆಯ ಅಂಶ ಶೇಕಡಾ 2ರ ಆಸುಪಾಸು. ಹಾಲಿನಂತೆಯೇ ಬೇಗ ಕೆಡುವುದರಿಂದ ತಂಪಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಕಾಯಿಸಬೇಕು. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ಎಂದರೆ 39 ಲೀಟರ್ ನೀರು ಆವಿಯಾಗಬೇಕು! ಅಡುಗೆಮನೆಯೊಳಗೆ ಕಾಯಿಸಿದರೆ ಗೋಡೆಯೆಲ್ಲ ತೇವವಾಗಿ ಅಂಟುತ್ತದೆ. ಅಂಗಳದಲ್ಲಿ ಇಟ್ಟಿಗೆಯ ಒಲೆ ಹೂಡಿ, ಅಗಲವಾದ ತಟ್ಟೆಯಂಥ ಪಾತ್ರೆಯಿಟ್ಟು, ಸುತ್ತ ಮಂಜು ಬಿದ್ದಿರುವಾಗ ಬೆಂಕಿಯ ಮುಂದೆ ಕುಳಿತೆವು. ಹಬೆಯ ವಾಸನೆಗೆ ಹಾವೇರಿ ಸೀಮೆಯ ಆಲೆಮನೆಯೇ ಕಣ್ಣಮುಂದೆ ಬಂದಿತು. ನೊರೆ ಉಕ್ಕಿದಾಗ ಒಂದು ಹನಿ ಬೆಣ್ಣೆ ಹಾಕಿದರೆ ತಟ್ಟನೆ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಇದಕ್ಕಾಗಿ ಹಂದಿಯ ಕೊಬ್ಬಿನ ತುಂಡನ್ನು ಕೊಪ್ಪರಿಗೆಯ ಮೇಲೆ ತೂಗುಬಿಡುವ ರೂಢಿಯಿತ್ತು. ಈಗ ಬಹುತೇಕ ಸಸ್ಯದ ಎಣ್ಣೆಯನ್ನೇ ಬಳಸುತ್ತಾರೆ. ಆದರೂ ಶಾಕಾಹಾರಿಗಳಾದ ನಮ್ಮ ಓದುಗರು ಸಣ್ಣ ತೋಟಗಳಿಂದ ನೇರವಾಗಿ ಕೊಳ್ಳುವಾಗ ಕೇಳಿ ತಿಳಿದುಕೊಳ್ಳುವುದು ಒಳಿತು.

ಹದ ಹಿಡಿಯುವುದೇ ಕಷ್ಟದ ಕೆಲಸ. ಆ ದಿನ ಆ ಸ್ಥಳದಲ್ಲಿ ನೀರು ಎಷ್ಟು ಉಷ್ಣತೆಯಲ್ಲಿ ಕುದಿಯುತ್ತದೆಯೋ ಅದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಪಾಕವಾಯಿತೆಂದು ಲೆಕ್ಕ. ಸೌಟಿನಿಂದ ಹನಿಯಾಗಿ ಬೀಳದೆ ಹಾಳೆಯಂತೆ ಜಾರತೊಡಗುವುದು ಇನ್ನೊಂದು ಗುರುತು. ಹದಕ್ಕೆ ಮುನ್ನವೇ ಇಳಿಸಿದರೆ ಹುಳಿಯುತ್ತದೆ, ಮೀರಿದರೆ ಹರಳುಗಟ್ಟುತ್ತದೆ. ಕೊನೆಯ ಹಂತದಲ್ಲಿ ಎಲ್ಲವೂ ನಿಮಿಷಗಳಲ್ಲಿ ನಡೆದುಹೋಗುತ್ತದೆ. ಅಳಿಯ ಸೌದೆ ತರಲು ಹೋದ, ನಮ್ಮನ್ನು ಕಾವಲಿಗಿಟ್ಟಿದ್ದ. ಊರಿನಿಂದ ತಮ್ಮನ ದೂರವಾಣಿ ಕರೆ ಬಂದಿತು. ಮಾತು ಮುಗಿಸಿ ತಿರುಗುವಷ್ಟರಲ್ಲಿ ನೊರೆ ಕಪ್ಪಾಗಿ ಉಕ್ಕಿ, ಒಂದು ವಾರದ ರಸ ಇದ್ದಿಲಿನಂತಾಗಿತ್ತು. ಆ ಪಾತ್ರೆಯನ್ನು ಉಜ್ಜಲು ಎರಡು ದಿನ ಹಿಡಿಯಿತು. ಮಗಳು ಏನೂ ಅನ್ನಲಿಲ್ಲ, ಅದೇ ಹೆಚ್ಚಿನ ಶಿಕ್ಷೆ. ಮುಂದಿನ ವಾರ ದೂರವಾಣಿಯನ್ನು ಒಳಗಿಟ್ಟು ಕುಳಿತೆವು. ಕಾಯಿಸುವಾಗ ಅಡಿಯಲ್ಲಿ ಕೂಡುವ, ಸುಣ್ಣದ ಅಂಶದ ಮರಳಿನಂಥ ಗಸಿಯನ್ನು ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಶೋಧಿಸಿ, 82 ಡಿಗ್ರಿಗಿಂತ ಕಡಿಮೆಯಾಗದ ಬಿಸಿಯಲ್ಲಿ ಸೀಸೆಗೆ ತುಂಬಿ ಮುಚ್ಚಿದೆವು. ಸಂರಕ್ಷಕ ಬೆರೆಸದ ಪದಾರ್ಥವಾದುದರಿಂದ ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಡದಿದ್ದರೆ ಬೂಷ್ಟು ಹಿಡಿಯುತ್ತದೆ; ಊರಿಗೆ ತಂದ ಸೀಸೆಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ನಮ್ಮ ಕಣ್ಣು ತೆರೆದದ್ದು ಈ ಒಲೆಯ ಮುಂದೆಯೇ. ನೀರೆಲ್ಲ ಹೋಗಿ ಉಳಿದದ್ದೇನು? ಮೂರರಲ್ಲಿ ಎರಡು ಪಾಲು ಸಕ್ಕರೆ, ಅದೂ ಬಹುಪಾಲು ಕಬ್ಬಿನಲ್ಲಿರುವ ಸುಕ್ರೋಸ್ ಎಂಬ ಸಕ್ಕರೆಯೇ. ಒಂದು ದೊಡ್ಡ ಚಮಚ, ಅಂದರೆ 20 ಗ್ರಾಂ ಪಾಕದಲ್ಲಿ ಸುಮಾರು 12 ಗ್ರಾಂ ಸಕ್ಕರೆ, 52 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯಂತೆ ಜೇನು, ಪಾಕ, ಹಣ್ಣಿನ ರಸಗಳಲ್ಲಿರುವ ಸಕ್ಕರೆಯೂ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಎರಡು ಚಮಚಕ್ಕೆ ಆ ಲೆಕ್ಕ ತೀರಿತು. ಅಮೆರಿಕದವರು ಬೆಳಗಿನ ದೋಸೆಯಂಥ ತಿಂಡಿಯ ಮೇಲೆ ಒಮ್ಮೆಗೆ ಸುರಿದುಕೊಳ್ಳುವುದು ಇದರ ಇಮ್ಮಡಿ. ರಕ್ತದ ಸಕ್ಕರೆಯನ್ನು ಏರಿಸುವ ವೇಗದ ಸೂಚ್ಯಂಕ ಬಿಳಿ ಸಕ್ಕರೆಗೆ ಸುಮಾರು 65 ಇದ್ದರೆ ಮೇಪಲ್ ಪಾಕಕ್ಕೆ 54ರಷ್ಟಿದೆ. ವ್ಯತ್ಯಾಸ ಇರುವುದು ನಿಜ, ಮಧುಮೇಹಿಗೆ ಅಭಯ ಕೊಡುವಷ್ಟಿಲ್ಲ. ಮ್ಯಾಂಗನೀಸ್, ರೈಬೊಫ್ಲೇವಿನ್ ಇದರಲ್ಲಿ ಗಣನೀಯವಾಗಿವೆ, ಒಪ್ಪೋಣ. ಆದರೆ ಮ್ಯಾಂಗನೀಸಿಗಾಗಿ ಪಾಕ ಕುಡಿಯಬೇಕಾದ ಸ್ಥಿತಿ ರಾಗಿಮುದ್ದೆ, ಜೋಳದ ರೊಟ್ಟಿ ಉಣ್ಣುವವರಿಗೆ ಬಂದಿಲ್ಲ. ನಾವು ಮೊದಲ ದಿನ ಹುಮ್ಮಸ್ಸಿನಿಂದ ಮೂರು ಚಮಚ ಹಾಕಿಕೊಂಡು ತಿಂದೆವು. ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿದಾಗ ಯಂತ್ರ ತೋರಿಸಿದ ಅಂಕಿ ಮದುವೆಮನೆಯ ಹೋಳಿಗೆಯೂಟದ ದಿನ ತೋರಿಸುವ ಅಂಕಿಯೇ ಆಗಿತ್ತು. ಈಗ ಭಾನುವಾರಕ್ಕೊಮ್ಮೆ ಒಂದು ಟೀ ಚಮಚ. ಅಷ್ಟು ಸಾಕಾಗಿದೆ ಎಂದು ಹೇಳಿದರೆ ಸುಳ್ಳಾದೀತು.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾಕಗಳಲ್ಲಿ ಅನೇಕವು ಮೇಪಲ್ ಅಲ್ಲವೇ ಅಲ್ಲ. ಮೆಕ್ಕೆಜೋಳದ ಸಕ್ಕರೆಪಾಕಕ್ಕೆ ಪರಿಮಳ ಬೆರೆಸಿದವು. ಆ ಪರಿಮಳದ ಒಂದು ಮೂಲ ಯಾವುದೆಂದು ತಿಳಿದಾಗ ನಮಗೆ ನಗು ಬಂದಿತು. ಅದು ನಮ್ಮ ಮೆಂತ್ಯ! ಸೋಟೊಲಾನ್ ಎಂಬ ವಸ್ತು ಎರಡರಲ್ಲೂ ಇದೆ. 2005ರಿಂದ ನ್ಯೂಯಾರ್ಕ್ ನಗರದ ಜನ ಆಗಾಗ ಬೀದಿಯಲ್ಲಿ ಮೇಪಲ್ ಪಾಕದ ವಾಸನೆ ಬರುತ್ತಿದೆಯೆಂದು ದೂರು ಕೊಡುತ್ತಿದ್ದರು. ಕಡೆಗೆ 2009ರಲ್ಲಿ ಅದು ನದಿಯಾಚೆಯ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೆಂತ್ಯ ಸಂಸ್ಕರಿಸುವಾಗ ಬರುವ ವಾಸನೆಯೆಂದು ನಗರಾಡಳಿತ ಪ್ರಕಟಿಸಿತು.

ಈ ವಾಸನೆಯ ವಿಷಯದಲ್ಲಿ ಬಾಣಂತಿಯರಿರುವ ಮನೆಯವರು ತಿಳಿಯಬೇಕಾದ ಸಂಗತಿಯೊಂದಿದೆ. ಮೇಪಲ್ ಸಿರಪ್ ಮೂತ್ರರೋಗ ಎಂಬ ಹೆಸರಿನ ಅಪರೂಪದ ಜನ್ಮಜಾತ ಕಾಯಿಲೆಯನ್ನು ವೈದ್ಯರು 1954ರಲ್ಲಿ ಮೊದಲು ವರ್ಣಿಸಿದರು. ಪಾಕ ತಿಂದದ್ದರಿಂದ ಬರುವ ರೋಗವಲ್ಲ ಇದು. ಆಹಾರದ ಪ್ರೋಟೀನಿನಲ್ಲಿರುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಂಶಗಳನ್ನು ಕರಗಿಸುವ ಶಕ್ತಿ ಮಗುವಿಗೆ ಹುಟ್ಟಿನಿಂದಲೇ ಇರದು. ಮೂತ್ರಕ್ಕೂ ಕಿವಿಯ ಗುಗ್ಗೆಗೂ ಈ ಪಾಕದ ವಾಸನೆ ಬರುತ್ತದೆ. ತಂದೆತಾಯಿಗಳಿಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುವ ಕಾಯಿಲೆಯಾದುದರಿಂದ, ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ನಡೆಯುವ ಮನೆತನಗಳಲ್ಲಿ ಸಂಭವ ಹೆಚ್ಚು. ಇನ್ನೊಂದೆಡೆ, ಹೆರಿಗೆಯ ಹೊತ್ತಿಗೆ ತಾಯಿ ಮೆಂತ್ಯ ತಿಂದಿದ್ದರೆ ಏನೂ ರೋಗವಿಲ್ಲದ ಕೂಸಿನ ಮೂತ್ರಕ್ಕೂ ಅದೇ ವಾಸನೆ ಬಂದು, ವಿದೇಶದ ವೈದ್ಯರು ಈ ಕಾಯಿಲೆಯೆಂದು ಶಂಕಿಸಿದ ಪ್ರಸಂಗ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಮಗಳ ಬಾಣಂತನಕ್ಕೆಂದು ಮೆಂತ್ಯದುಂಡೆ ಕಟ್ಟಿಕೊಂಡು ಅಮೆರಿಕಕ್ಕೆ ಹೊರಡುವ ತಾಯಂದಿರು ಆಸ್ಪತ್ರೆಯಲ್ಲಿ ಅದನ್ನು ಮುಚ್ಚಿಡದೆ ಹೇಳಬೇಕು. ಆದರೆ ಹುಟ್ಟಿದ ಮೊದಲ ವಾರದಲ್ಲಿ ಮಗು ಮೊಲೆ ಚೀಪದೆ, ಮಂಕಾಗಿ, ಕೈಕಾಲು ಬಿಗಿಹಿಡಿದು ಮಲಗಿದ್ದರೆ, ಬಟ್ಟೆಯಲ್ಲಿ ಸಿಹಿವಾಸನೆಯೂ ಇದ್ದರೆ, ಮೆಂತ್ಯದ ವಾಸನೆಯೆಂದು ಮನೆಯಲ್ಲಿ ಕೂರದೆ ಅದೇ ಗಳಿಗೆಯಲ್ಲಿ ಮಕ್ಕಳ ವೈದ್ಯರಲ್ಲಿಗೆ ಒಯ್ದು ರಕ್ತಪರೀಕ್ಷೆ ಮಾಡಿಸಬೇಕು. ಬೇಗ ಗೊತ್ತಾದರೆ ವಿಶೇಷ ಆಹಾರದಿಂದ ಮಗುವನ್ನು ಉಳಿಸಿಕೊಳ್ಳಬಹುದು. ದಿನಗಳು ಕಳೆದಂತೆ ಮಿದುಳಿಗೆ ಪೆಟ್ಟು ಬೀಳುತ್ತದೆ.