ಕೂದಲು ಉಳಿಸಿಕೊಂಡು ತೊಗಲು ಹದ ಮಾಡುವುದು

ಆಗತಾನೆ ಸುಲಿದ ದೊಡ್ಡ ದನದ ತೊಗಲನ್ನು ಒಬ್ಬರೇ ಎತ್ತಲು ಹೋದರೆ ಮೊದಲ ಪಾಠ ಅಲ್ಲೇ ಆಗುತ್ತದೆ. ತೂಕ ಹತ್ತಿರ ಹತ್ತಿರ 30 ಕಿಲೋ, ಹರಡಿದರೆ ಸುಮಾರು 4 ಚದರ ಮೀಟರ್, ಹಿಡಿದಲ್ಲೆಲ್ಲ ಜಾರುತ್ತದೆ. ಅಮೆರಿಕದ ಸಣ್ಣ ಫಾರ್ಮುಗಳಲ್ಲಿ ತಾವೇ ಸಾಕಿದ ದನವನ್ನು ಮಾಂಸಕ್ಕೆ ಕಳಿಸುವ ಕೆಲವರು ಅದರ ತೊಗಲನ್ನು ವಾಪಸು ತಂದು, ಕೂದಲ ಸಮೇತ ನೆಲಹಾಸು ಮಾಡಿಕೊಳ್ಳುತ್ತಾರೆ. ಹೊಸಬರ ಗಮನವೆಲ್ಲ ಯಾವ ಮದ್ದು ಹಾಕಬೇಕೆಂಬುದರ ಮೇಲಿರುತ್ತದೆ. ತೊಗಲು ಕೊಳೆಯುವುದು ಮಾತ್ರ ಮದ್ದಿಗಿಂತ ಮುಂಚೆ, ಬಿರುಸಾಗುವುದು ಮದ್ದು ಹಾಕಿದ ಮೇಲೆ.

ನಮ್ಮಲ್ಲಿ ಸಮಗಾರರು, ಮಾದಿಗರು ತಲೆಮಾರುಗಳಿಂದ ಮಾಡಿಕೊಂಡು ಬಂದ ಹದ ಸುಣ್ಣದ ತೊಟ್ಟಿಯಿಂದ ಶುರುವಾಗುತ್ತದೆ. ಸುಣ್ಣ ಕೂದಲನ್ನು ಸಡಿಲಿಸುವುದಲ್ಲದೆ ಒಳಗಿನ ನಾರನ್ನೂ ಬಿಡಿಸುತ್ತದೆ. ಆಮೇಲೆ ತಂಗಡಿ ತೊಗಟೆ, ಅಳಲೆಕಾಯಿಯ ರಸ ಸಲೀಸಾಗಿ ಇಳಿಯುತ್ತದೆ. ಕೂದಲು ಬೇಕೆಂದರೆ ಸುಣ್ಣ ಮುಟ್ಟುವಂತಿಲ್ಲ. ಅದು ಮಾಡಿಕೊಡುತ್ತಿದ್ದ ಕೆಲಸವನ್ನು ರಟ್ಟೆ ಮಾಡಬೇಕು. (ಕೂದಲುಳಿಸುವ ವಿದ್ಯೆ ನಮಗೇನೂ ಹೊಸದಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಹೆಸರಾದದ್ದೇ ಮಹಾರಾಜರು ಬೇಟೆಯಾಡಿದ ಹುಲಿ, ಚಿರತೆಗಳ ತೊಗಲನ್ನು ಕೂದಲ ಸಮೇತ ಹದ ಮಾಡಿ.)

ಸುಲಿದ ಗಳಿಗೆಯಿಂದಲೇ ಬ್ಯಾಕ್ಟೀರಿಯಾ ಕೂದಲ ಬುಡವನ್ನು ತಿನ್ನತೊಡಗುತ್ತವೆ. ಅಂಟಿದ ಮಾಂಸ, ಕೊಬ್ಬು ಹೆರೆದು, ಕೆಲವೇ ಗಂಟೆಗಳೊಳಗೆ ಮಾಂಸದ ಮಗ್ಗುಲಿಗೆ ಪುಡಿಯುಪ್ಪು ತಿಕ್ಕಬೇಕು. ಎಷ್ಟು? ತೊಗಲು ತೂಗಿದಷ್ಟು. ಕೈ ಹಿಡಿತ ಇಲ್ಲಿ ಬೇಡ. ಅಂಚು, ಕಾಲಿನ ಸಂದು, ಕತ್ತಿನ ಮಡಿಕೆ ಯಾವುದೂ ತಪ್ಪಬಾರದು. ಇಳಿಜಾರಿನಲ್ಲಿ ಹರಡಿದರೆ ನೀರು ಬಸಿಯುತ್ತದೆ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಿ. ಹೊಟ್ಟೆಯ ಕಡೆ ಕೂದಲನ್ನು ಚಿವುಟಿ ಎಳೆದು ನೋಡಿ. ಗೊಂಚಲಾಗಿ ಕೈಗೆ ಬಂದರೆ ಅಲ್ಲಿಗೆ ಮುಗಿಯಿತು, ಯಾವ ಮದ್ದೂ ಅದನ್ನು ಮತ್ತೆ ನೆಡಲಾರದು.

ಮುಂದೆ ಉಪ್ಪುನೀರಲ್ಲಿ ನೆನೆಸಿ, ಸೊಂಟದೆತ್ತರದ ಬೋಳು ದಿಮ್ಮಿಯ ಮೇಲೆ ಹೊದಿಸಿ, ಎರಡು ಹಿಡಿಯ ಕತ್ತಿಯಿಂದ ತೆಳುವು ಮಾಡುವ ಕೆಲಸ. ಬೆನ್ನು, ಕತ್ತಿನಲ್ಲಿ 5 ಮಿಲಿಮೀಟರ್‌ಗೂ ಹೆಚ್ಚು ದಪ್ಪ ಇರುವುದುಂಟು. ಅದನ್ನು ಅರ್ಧಕ್ಕೆ ಇಳಿಸದೆ ಮೆದು ಹಾಸಿನ ಆಸೆ ಬೇಡ. ಕೂದಲ ಬುಡಗಳು ಕಪ್ಪು ಚುಕ್ಕೆಗಳಾಗಿ ಕಂಡ ತಕ್ಷಣ ಕತ್ತಿ ನಿಲ್ಲಿಸಿ. ಉತ್ತರ ಅಮೆರಿಕದ ಬಯಲಿನ ಲಕೋಟಾ ಮುಂತಾದ ಜನರಲ್ಲಿ ಈ ಕೆಲಸ ಹೆಂಗಸರದಾಗಿತ್ತು. ಬೈಸನ್ ತೊಗಲನ್ನು ಎಲ್ಕ್ ಕೊಂಬಿನ ಹಿಡಿಯ ಉಪಕರಣದಿಂದ ಹೆರೆದು, ಮಿದುಳು ತಿಕ್ಕಿ ಹದ ಮಾಡುತ್ತಿದ್ದರು. ತೀರಾ ಭಾರವಾದರೆ ಬೆನ್ನಗುಂಟ ಎರಡಾಗಿ ಸೀಳಿ, ಹದವಾದ ಮೇಲೆ ಪ್ರಾಣಿಯ ನರದ ದಾರದಿಂದ ಹೊಲಿದುಬಿಡುತ್ತಿದ್ದರು. ಇದರಲ್ಲಿ ನಾಚಿಕೆಯೇನಿಲ್ಲ, ಒಂಟಿಯಾಗಿ ಮಾಡುವವರು ಇಂದಿಗೂ ಅನುಸರಿಸಬಹುದು.

ಮದ್ದು ಎಂದರೆ ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಕವೇ. ಅಮೆರಿಕದ ಕೃಷಿ ಇಲಾಖೆ 1920ರ ದಶಕದಲ್ಲೇ ರೈತರಿಗೆ ಕೊಟ್ಟ ಅಳತೆ ಇಂದಿಗೂ ನಡೆಯುತ್ತದೆ: ಸುಮಾರು 450 ಗ್ರಾಂ ಪಟಕ 4 ಲೀಟರಿಗೆ ತುಸು ಕಡಿಮೆ ನೀರಲ್ಲಿ, ಬೇರೆ ಪಾತ್ರೆಯಲ್ಲಿ ಅದರರ್ಧ ನೀರಿಗೆ 115 ಗ್ರಾಂ ವಾಷಿಂಗ್ ಸೋಡಾ, 225 ಗ್ರಾಂ ಉಪ್ಪು. ಸೋಡಾನೀರನ್ನು ಪಟಕದ ನೀರಿಗೆ ಸಣ್ಣಧಾರೆಯಾಗಿ, ಕದಡುತ್ತಲೇ ಸುರಿಯಬೇಕು. ಅವಸರಪಟ್ಟರೆ ಮಜ್ಜಿಗೆಯಂತೆ ಒಡೆಯುತ್ತದೆ. ಇದಕ್ಕೆ ಮೈದಾ ಕಲಸಿ, 3 ಮಿಲಿಮೀಟರ್ ದಪ್ಪಕ್ಕೆ ಬಳಿದು, ದಿನ ಬಿಟ್ಟು ಕೆರೆದು, ಮತ್ತೆ ಬಳಿಯುವುದು. ದಪ್ಪ ತೊಗಲಿಗೆ ಮೂರು ಸಲವಾದರೂ ಬೇಕು. ಅಷ್ಟು ಭಾರದ್ದನ್ನು ತೊಟ್ಟಿಗೆ ಇಳಿಸಿ ಏರಿಸುವುದಕ್ಕಿಂತ ಈ ಲೇಪವೇ ವಾಸಿ ಎಂಬುದು ನನ್ನ ಎಣಿಕೆ. ಮದ್ದು ಪೂರ್ತಿ ಇಳಿದಿದ್ದರೆ, ಕತ್ತಿನ ಅಂಚು ಚೂರು ಕೊಯ್ದಾಗ ಒಳಗೆಲ್ಲ ಒಂದೇ ಬಿಳುಪು ಕಾಣಬೇಕು. ಕಾರ್ಖಾನೆಯವರು ಬಳಸುವ ಕ್ರೋಮಿಯಂ ಗಟ್ಟಿ ಹದವೇ, ಆದರೆ ಅದರ ಕೊಳಚೆ ನೀರನ್ನು ಹಿತ್ತಲಲ್ಲಿ ಎಲ್ಲಿಗೆ ಬಿಡುತ್ತೀರಿ?

ತೊಳೆದು ಬಸಿದ ತೊಗಲು ಇನ್ನೂ ಹಸಿಯಿರುವಾಗಲೇ ಮಾಂಸದ ಮಗ್ಗುಲಿಗೆ ಬೆಚ್ಚಗಿನ ಎಣ್ಣೆ ಉಜ್ಜುತ್ತಾರೆ. ಅಮೆರಿಕದಲ್ಲಿ ಬಳಸುವುದು ದನದ ಕಾಲೆಲುಬಿನಿಂದ ತೆಗೆದ ಎಣ್ಣೆ. ಸುಮ್ಮನೆ ಒಣಗಲು ಬಿಟ್ಟರೆ ನಾರಿಗೆ ನಾರು ಅಂಟಿ ತಗಡಾಗುತ್ತದೆ. ಅರೆ ಒಣಗಿದಾಗ ಇಬ್ಬರು ಎರಡು ಕಡೆ ಹಿಡಿದು ಹಲಗೆಯ ಅಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡಬೇಕು. ಎಳೆದಲ್ಲಿ ಬಿಳಿ ಮೂಡಿದರೆ ನಾರು ಬಿಡಿಸಿಕೊಂಡಿತೆಂದೇ ಲೆಕ್ಕ. ದೊಡ್ಡ ತೊಗಲಿಗೆ ಎರಡು ಮೂರು ದಿನ ಹೀಗೇ. ಎಲ್ಲಾದರೂ ಬಿರುಸಾಗಿ ಉಳಿದರೆ ಆ ಜಾಗ ಮಾತ್ರ ಒದ್ದೆ ಮಾಡಿ ಮತ್ತೆ ಎಳೆಯಿರಿ. ಕೊನೆಗೆ ಕೂದಲಿಗೆ ಒಣ ಮರದ ಹೊಟ್ಟು ಉಜ್ಜಿ ಕೊಡವಿದರೆ ಜಿಡ್ಡು ಹೋಗುತ್ತದೆ.

ಮೊದಲ ಸಲ ಆಡಿನ ತೊಗಲಿನಲ್ಲಿ ಕೈ ಪಳಗಿಸಿಕೊಳ್ಳಿ. ಪಟಕದ ಹಾಸನ್ನು ಮಾತ್ರ ಒಗೆಯಲು ಹಾಕಬೇಡಿ. ಪಟಕ ನಾರಿಗೆ ಭದ್ರವಾಗಿ ಕಚ್ಚಿರುವುದಿಲ್ಲ, ನೀರಲ್ಲಿ ನೆನೆದರೆ ಬಿಟ್ಟುಹೋಗಿ ತೊಗಲು ಮತ್ತೆ ಹಸಿ ತೊಗಲೇ ಆಗುತ್ತದೆ.