ಅಲೆಯಿಲ್ಲದೆ ಬದುಕದ ಕಡಲಕಾಡು

ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ತೆರೆದ ಮಾಂಟೆರೆ ಕೊಲ್ಲಿಯ ಮತ್ಸ್ಯಾಲಯಕ್ಕೆ ನೀವು ಹೋದರೆ, ಸುಮಾರು 8.5 ಮೀಟರ್ ಎತ್ತರದ ತೊಟ್ಟಿಯಲ್ಲಿ ಕಡಲಕಾಡೊಂದನ್ನು ಕಾಣುವಿರಿ. ಅದು ಆ ಕೊಲ್ಲಿಯಲ್ಲೇ ಬೆಳೆಯುವ ಕೆಲ್ಪ್ ಎಂಬ ದೈತ್ಯ ಕಂದು ಶೈವಲ. ತೊಟ್ಟಿಯ ಮೇಲ್ಭಾಗ ತೆರೆದಿರುವುದರಿಂದ ಬಿಸಿಲು ಸಿಗುತ್ತದೆ; ನೀರು ಕೊಲ್ಲಿಯಿಂದಲೇ ಬರುತ್ತದೆ. ಇಷ್ಟು ಸಾಕೆ? ಸಾಲದು.

ಕೆಲ್ಪ್‌ಗೆ ನಿಜವಾದ ಬೇರಿಲ್ಲ. ಬುಡದಲ್ಲಿರುವ ಬೇರಿನಂಥ ಭಾಗ ಬಂಡೆಯನ್ನು ಹಿಡಿದುಕೊಳ್ಳಲು ಮಾತ್ರ. ನೈಟ್ರೇಟ್ ಮುಂತಾದ ಪೋಷಕಾಂಶಗಳನ್ನು ಹೀರುವುದು ಮುಖ್ಯವಾಗಿ ಎಲೆಯಂಥ ಅಲಗುಗಳು. ನೀರು ನಿಶ್ಚಲವಾದರೆ ಅಲಗಿಗೆ ತಾಗಿದ ತೆಳು ನೀರಪದರದಲ್ಲಿ ಪೋಷಕಾಂಶ ಬರಿದಾಗಿ ಕೆಲ್ಪ್ ಸೊರಗುತ್ತದೆ. ಆದ್ದರಿಂದ ಅಲ್ಲಿ ಯಂತ್ರವೊಂದು ಅಲೆಯೆಬ್ಬಿಸುತ್ತಿರುತ್ತದೆ.

ಶಿಕ್ಷಕರೇ, ಯಾವುದೇ ಮತ್ಸ್ಯಾಲಯಕ್ಕೆ ಹೋದಾಗ ಮೀನುಗಳ ಹೆಸರನ್ನಷ್ಟೇ ಬರೆಸಬೇಡಿ. 'ಇಲ್ಲಿಯ ನೀರು ಏಕೆ ಚಲಿಸುತ್ತಿದೆ? ನಿಂತರೆ ಏನಾದೀತು?' ಎಂದು ವಿದ್ಯಾರ್ಥಿಗಳನ್ನು ಕೇಳಿ.