ಮಳೆ ಅಳೆದು ಬಿತ್ತೋಣ



ಮಿರಗ ಕೂಡಿತೆಂದರೆ ಬೀದರ, ಭಾಲ್ಕಿ, ಔರಾದ ಕಡೆಯ ಊರುಗಳಲ್ಲಿ ಒಂದೇ ಮಾತು: ‘ಬಿತ್ತಬೇಕೋ, ನಿಲ್ಲಬೇಕೋ?’ ಪಕ್ಕದ ಹೊಲದವನು ಕೂರಿಗೆ ಹೂಡಿದರೆ ನಮ್ಮ ಕಾಲೂ ನಿಲ್ಲುವುದಿಲ್ಲ. ಒಂದೇ ಮಳೆಗೆ ಬಿತ್ತಿ, ಮುಂದೆ ಹದಿನೈದು ದಿನ ಹನಿ ಬೀಳದಿದ್ದರೆ ಮೊಳಕೆ ಮಣ್ಣಿನಲ್ಲಿಯೇ ಒಣಗುತ್ತದೆ. ಬೀಜ, ಗೊಬ್ಬರ, ಕೂಲಿ ಎಲ್ಲವೂ ಹೋಗುತ್ತವೆ. ಮರುಬಿತ್ತನೆಗೆ ಮತ್ತೆ ಸಾಲ ಮಾಡಬೇಕಾಗುತ್ತದೆ.

ಔರಾದ ತಾಲ್ಲೂಕಿನ ಒಂದು ಊರಿನಲ್ಲಿ ಹಿರಿಯರೊಬ್ಬರನ್ನು ಕೇಳಿದೆ: ‘ಕಾಕಾ, ಮಳಿ ಎಷ್ಟು ಆಗ್ಯಾದ?’ ‘ಭಾಳ ಆಗ್ಯಾದ ತಮ್ಮಾ, ಹಳ್ಳ ಹರದಾದ’ ಎಂದರು. ಇಬ್ಬರೂ ಹೊಲಕ್ಕೆ ಹೋಗಿ ಗುದ್ದಲಿಯಿಂದ ಒಂದು ಗೇಣು ಅಗೆದು ನೋಡಿದೆವು. ಮೇಲೆ ನಾಲ್ಕು ಬೆರಳು ಹಸಿ. ಅದರ ಕೆಳಗೆ ಬೂದಿಯಂಥ ಒಣ ಮಣ್ಣು. ಜೋರಾಗಿ ಸುರಿದ ನೀರು ಹಳ್ಳಕ್ಕೆ ಹರಿದಿತ್ತು, ನೆಲಕ್ಕೆ ಇಳಿದಿರಲಿಲ್ಲ. ಕಾಕಾ ಬೀಜದ ಚೀಲವನ್ನು ತಿರುಗಿ ಮನೆಗೆ ಕಳಿಸಿದರು.

‘ಹದ ಬಂದಾಗ ಹರಗು, ಬೆದೆ ಬಂದಾಗ ಬಿತ್ತು’ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಮಳೆಯ ರೀತಿ ವರ್ಷ ವರ್ಷಕ್ಕೂ ಬೇರೆಯಾಗುತ್ತಿದೆ. 2016ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಅತಿವೃಷ್ಟಿಯಿಂದ ಬೆಳೆ ಹಾಳಾಯಿತು. ಆದುದರಿಂದ ಹದ ಬಂದಿದೆಯೋ ಇಲ್ಲವೋ ಎಂಬುದನ್ನು ಅಂದಾಜಿಗೆ ಬಿಡದೆ ಅಳೆದು ತಿಳಿಯುವುದು ಲೇಸು.

ಅಳೆಯುವ ಬಗೆ

ಬಾಯಿ ಮತ್ತು ತಳ ಒಂದೇ ಅಗಲವಿರುವ ಒಂದು ಡಬ್ಬಿ ಸಾಕು. ಗಿಡ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ನೆಡಿರಿ. ದಿನಾಲು ಬೆಳಿಗ್ಗೆ 8-30ಕ್ಕೆ ಪಟ್ಟಿ ಇಳಿಸಿ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ನೋಡಿ, ವಹಿಯಲ್ಲಿ ಬರೆದು, ನೀರು ಚೆಲ್ಲಿರಿ. ಮಳೆ ಬಾರದ ದಿನ ಸೊನ್ನೆ ಬರೆಯಲು ಮರೆಯಬಾರದು. ಎಷ್ಟು ದಿನ ನೆಲ ಒಣಗಿತೆಂದು ಆ ಸೊನ್ನೆಗಳೇ ಹೇಳುತ್ತವೆ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಿಂದ ಬರೆಯಿಸಿರಿ.

ಪಂಚಾಯಿತಿಗೊಂದರಂತೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕವೂ ಇರುತ್ತದೆ. ಅದರ ಲೆಕ್ಕ ಉಪಯುಕ್ತವೇ. ಆದರೆ ಊರಿನ ಈ ಬದಿಗೆ ಬಂದ ಮಳೆ ಆ ಬದಿಗೆ ಬಾರದಿರಬಹುದು. ನಿಮ್ಮ ಹೊಲದ ಲೆಕ್ಕ ನಿಮ್ಮಲ್ಲಿರಲಿ.

ಲೆಕ್ಕದ ಅರ್ಥ

ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಸೋಯಾ ಅವರೆ ಬಿತ್ತಲು 75 ರಿಂದ 100 ಮಿಲಿಮೀಟರ್ ಮಳೆ ಆಗಿರಬೇಕು.

ಉದಾಹರಣೆಗೆ ಹೀಗೆ ತಿಳಿಯಿರಿ. ಜೂನ್ 9ರಂದು 38 ಮಿ.ಮೀ. ಬಿತ್ತು. ಮುಂದೆ ಆರು ದಿನ ಸೊನ್ನೆ. 16ರಂದು 6 ಮಿ.ಮೀ. ಒಟ್ಟು 44, ಬಿತ್ತಬಾರದು. 19ರಂದು 21, 20ರಂದು 14. ಈಗ ಒಟ್ಟು 79. ಇಷ್ಟಕ್ಕೇ ಕೂರಿಗೆ ಹೂಡಬೇಡಿರಿ. ಮೊದಲ ಮಳೆಯ ನೀರು ಒಂದಿಷ್ಟು ಆರಿಹೋಗಿರುತ್ತದೆ. ಒಂದು ಗೇಣು ಅಗೆಯಿರಿ. ಕೆಳಗಿನ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಹಾಗಿದ್ದರೆ ಬಿತ್ತಿರಿ. ವಹಿ ಒಂದು ಸಾಕ್ಷಿ, ಗುದ್ದಲಿ ಇನ್ನೊಂದು ಸಾಕ್ಷಿ. ಮುಂದಿನ ಐದು ದಿನಗಳ ಹವಾಮಾನ ಮುನ್ಸೂಚನೆ ಮೂರನೆಯದು.

ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದು ಬೇಗ ಆರುತ್ತದೆ. ಎರೆಭೂಮಿ ಹೆಚ್ಚು ದಿನ ಹಿಡಿದಿಡುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರ ಹೊಲಕ್ಕೆ ಹಾಗೆಯೇ ಹೊಂದದು.

ಬೀಜವನ್ನೂ ಎಣಿಸಿರಿ

ಒದ್ದೆ ಗೋಣಿತಟ್ಟಿನಲ್ಲಿ 100 ಸೋಯಾ ಕಾಳು ಸುತ್ತಿಡಿರಿ. ಒಂದು ವಾರದೊಳಗೆ 70 ಮೊಳೆತರೆ ಬೀಜ ಸರಿ. 60 ಮೊಳೆತರೆ, ಎಕರೆಗೆ 30 ಕಿಲೋ ಬಿತ್ತುವವರು 35 ಕಿಲೋ ಹಾಕಬೇಕು. ಅದಕ್ಕಿಂತ ಕಡಿಮೆಯಾದರೆ ಆ ಬೀಜ ಬೇಡ.

ಮೊದಲೇ ಬರೆದಿಡಿರಿ

ಮಳೆ ತಡವಾದಾಗ ಮನಸ್ಸು ಗಾಬರಿಯಾಗುತ್ತದೆ. ಗಾಬರಿಯಲ್ಲಿ ಮಾಡಿದ ನಿರ್ಧಾರ ಕೈ ಕಚ್ಚುತ್ತದೆ. ಆದುದರಿಂದ ಮೇ ತಿಂಗಳಲ್ಲಿಯೇ ಮನೆಯವರೆಲ್ಲ ಕುಳಿತು ವಹಿಯ ಮೊದಲ ಪುಟದಲ್ಲಿ ಬರೆಯಿರಿ: ಜೂನಿನಲ್ಲಿ ಹದ ಬಂದರೆ ಉದ್ದು, ಹೆಸರು, ಸೋಯಾ, ಜುಲೈ ಮಧ್ಯದವರೆಗೂ ಬಾರದಿದ್ದರೆ ಉದ್ದು, ಹೆಸರು ಬಿಟ್ಟು ತೊಗರಿ ಅಥವಾ ಸೂರ್ಯಕಾಂತಿ. ಇದ್ದ ಬೀಜವನ್ನೆಲ್ಲ ಒಂದೇ ದಿನ ಮಣ್ಣಿಗೆ ಹಾಕದೆ, ಒಂದಿಷ್ಟು ಉಳಿಸಿಕೊಳ್ಳುವುದೂ ಜಾಣತನ. ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಬಹುದು.

ಇಷ್ಟು ಮಾಡಿದರೂ ಮಳೆ ಕೈ ಕೊಡಬಹುದು. ಆಗಲೂ ಎಲ್ಲಿ ತಪ್ಪಿತು ಎಂಬುದು ವಹಿಯಲ್ಲಿ ಇರುತ್ತದೆ. ಮುಂದಿನ ವರ್ಷ ಅದೇ ತಪ್ಪಾಗದು. ಒಂದು ಡಬ್ಬಿ, ಒಂದು ವಹಿ, ದಿನಕ್ಕೆ ಐದು ನಿಮಿಷ. ಮುಂದಿನ ಸಲ ನಾನು ನಿಮ್ಮ ಊರಿಗೆ ಬಂದಾಗ ಆ ವಹಿಯನ್ನು ತೋರಿಸಿರಿ. ಕಟ್ಟೆಯ ಮೇಲೆ ಕುಳಿತು ಎಲ್ಲರೂ ಕೂಡಿ ಓದೋಣ.

— ನಿಮ್ಮ ಗ್ರಾಮಸೇವಕ